ಬೆನ್ನುಹುರಿಗೆ ಒತ್ತಡ: ಕಾಯುವುದೋ, ಕೊಯ್ಯಿಸುವುದೋ, ಎಲ್ಲಿಗೆ ಓಡುವುದೋ

ಚಿಕ್ಕಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವಳು. ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರದ ಮನೆಯ ಜಗಲಿಯಲ್ಲಿ ಮಡಿಲಿಗೆ ತಡ್ಪೆ (ಮೊರ) ಇಟ್ಟುಕೊಂಡು ಕುಳಿತರೆ ಕಣ್ಣು ಟಿವಿಯ ಮೇಲಿರುತ್ತಿತ್ತು, ಬೆರಳುಗಳು ತಮ್ಮ ಪಾಡಿಗೆ ಎಲೆ ಸುತ್ತುತ್ತಿದ್ದವು. ದಿನಕ್ಕೆ ಎಂಟುನೂರು ಬೀಡಿ ಅವಳಿಗೆ ಲೆಕ್ಕವೇ ಅಲ್ಲ. ಒಂದು ಮಳೆಗಾಲದಲ್ಲಿ ಅದು ಆರುನೂರಕ್ಕೆ ಇಳಿಯಿತು, ದೀಪಾವಳಿಯ ಹೊತ್ತಿಗೆ ಮುನ್ನೂರಾಯಿತು. ನೂಲಿನ ಗಂಟು ಕೂರುತ್ತಿರಲಿಲ್ಲ, ಬಾಯಿ ಮಡಚುವಾಗ ಎಲೆ ಹರಿಯುತ್ತಿತ್ತು. ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅರ್ಧಕ್ಕರ್ಧ ತೆಗೆದು ಬದಿಗಿಡುತ್ತಿದ್ದರು. “ಬೆರಳಿಗೆ ವಯಸ್ಸಾಯಿತು” ಎಂದಳು. ನಾವೂ ಒಪ್ಪಿಕೊಂಡೆವು. ನೋವಿಲ್ಲದ್ದನ್ನು ಯಾರು ಕಾಯಿಲೆ ಎನ್ನುತ್ತಾರೆ?

ಆಮೇಲೆ ಚಪ್ಪಲಿಯ ಸರದಿ. ಅಂಗಳದಿಂದ ಒಳಗೆ ಬಂದ ಮೇಲೆ ನೋಡಿದರೆ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಉಳಿದಿರುತ್ತಿತ್ತು. ಜಾರಿದ್ದು ಅವಳಿಗೆ ತಿಳಿದೇ ಇರುತ್ತಿರಲಿಲ್ಲ. ಆಗ ಒಂದು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಕಾಲಿನ ದೂರು ಎಂದ ಕೂಡಲೇ ಸೊಂಟದ ಎಂಆರ್‌ಐ ಬರೆದರು. ಬೀಡಿಯ ಬೋನಸ್ ಹಣ ಅದಕ್ಕೆ ಹೋಯಿತು. ಸೊಂಟದ ಕೆಳಭಾಗದಲ್ಲಿ ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಎಂದು ವರದಿ ಬಂತು. ಅರವತ್ತು ದಾಟಿದವರನ್ನು ಯಂತ್ರದೊಳಗೆ ಮಲಗಿಸಿದರೆ ಹೆಚ್ಚಿನವರಿಗೆ ಅಷ್ಟು ಉಬ್ಬು ಇದ್ದೇ ಇರುತ್ತದೆ. ಎಂಟು ತಿಂಗಳು ಮಾತ್ರೆ, ಬೆಲ್ಟು, ಬಿಸಿನೀರಿನ ಚೀಲದಲ್ಲಿ ಕಳೆಯಿತು. ಕೊನೆಗೆ ಇನ್ನೊಬ್ಬ ವೈದ್ಯರು ಅವಳ ಕಾಲನ್ನು ನೋಡುವ ಮೊದಲು ಕೈ ನೋಡಿದರು. ಮುಷ್ಟಿ ಕಟ್ಟಿ ಬಿಡಿಸಲು ಹೇಳಿದರು, ನಡುಬೆರಳಿನ ಉಗುರನ್ನು ಚಿಮ್ಮಿದರು, ಅಂಗಾಲಿಗೆ ಕೀಲಿಕೈಯ ತುದಿಯಿಂದ ಗೀರಿದರು. “ತೊಂದರೆ ಸೊಂಟದಲ್ಲಿಲ್ಲ, ಕುತ್ತಿಗೆಯಲ್ಲಿದೆ” ಎಂದರು.

ಅಂದಿನಿಂದ ಊರಿನಲ್ಲಿ ಯಾರಿಗಾದರೂ “ನರ ಒತ್ತಿದೆ” ಎಂದು ವೈದ್ಯರು ಹೇಳಿದರೆ ನನಗೆ ಫೋನು ಬರುತ್ತದೆ. ನಾನು ವೈದ್ಯನಲ್ಲ, ಆಸ್ಪತ್ರೆಯ ಬೆಂಚುಗಳ ಮೇಲೆ ಕುಳಿತು, ಓದಿ, ಕೇಳಿ ತಿಳಿದುಕೊಂಡವನು. ಎಲ್ಲರ ಮೊದಲ ಪ್ರಶ್ನೆ ಒಂದೇ: ಆಪರೇಷನ್ ಮಾಡಿಸುವುದೋ ಬೇಡವೋ? ನನ್ನ ಪ್ರಕಾರ ಅದು ನಾಲ್ಕನೆಯ ಪ್ರಶ್ನೆ. ಒತ್ತಿರುವುದು ನರವನ್ನೋ ಹುರಿಯನ್ನೋ, ಎಷ್ಟು ಬೇಗ ಕೆಡುತ್ತಿದೆ, ಒತ್ತುತ್ತಿರುವುದು ಏನು ಎಂಬ ಮೂರಕ್ಕೆ ಉತ್ತರ ಸಿಗದೆ ನಾಲ್ಕಕ್ಕೆ ಕೈ ಹಾಕಿದರೆ ದಾರಿ ತಪ್ಪುತ್ತದೆ.

ನರವೋ, ಹುರಿಯೋ

ನಮ್ಮ ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಿಲ) ನೀರಿನ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ತೋಟದ ಒಂದು ಮೂಲೆಗೆ ಹೋಗುವ ಸಣ್ಣ ಪೈಪು ಕಟ್ಟಿಕೊಂಡರೆ ಆ ಮೂಲೆಯ ನಾಲ್ಕು ಅಡಿಕೆ ಮರ ಬಾಡುತ್ತವೆ. ಸುರಂಗದೊಳಗೇ ಮಣ್ಣು ಕುಸಿದರೆ ಕೆಳಗಿರುವ ಅಷ್ಟೂ ತೋಟಕ್ಕೆ ನೀರಿಲ್ಲ. ಬೆನ್ನುಹುರಿ ಎಂದರೆ ಆ ಸುರಂಗ. ಮಿದುಳಿನ ಬುಡದಿಂದ ಹೊರಟು ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಇಳಿದು, ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಬಳಿ ಮುಗಿಯುತ್ತದೆ. ದಪ್ಪ ನಮ್ಮ ಕಿರುಬೆರಳಿನಷ್ಟು. ಅದರಿಂದ ಕವಲೊಡೆದು ಕೈಗೆ, ಕಾಲಿಗೆ ಹೋಗುವವು ನರಗಳು.

ನರ ಮಾತ್ರ ಒತ್ತಿದ್ದರೆ ಸಾಮಾನ್ಯವಾಗಿ ಒಂದೇ ಬದಿಯ ಕೈಗೆ ಅಥವಾ ಕಾಲಿಗೆ ಗೆರೆ ಎಳೆದಂತೆ ನೋವು ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಚಳಕು. ನಿದ್ದೆಗೆಡಿಸುವ ನೋವಾದರೂ ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಹುರಿ ಒತ್ತಿದ್ದರೆ ಕಥೆಯೇ ಬೇರೆ. ನೋವು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಎರಡೂ ಕೈಗಳು ಮೊಂಡಾಗುತ್ತವೆ: ರವಿಕೆಯ ಹುಕ್ಕು, ಅಂಗಿಯ ಗುಂಡಿ, ಮುಂಡಿನ ತುದಿ, ಅನ್ನ ಕಲಸುವ ಬೆರಳು. ಕಾಲು ಬಿಗಿದುಕೊಂಡು ಹೆಜ್ಜೆ ಎಳೆದಂತಾಗುತ್ತದೆ. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ತೂಗಾಡುತ್ತದೆ. ಗದ್ದ ಎದೆಗೆ ತಾಗುವಂತೆ ಬಗ್ಗಿದರೆ ಬೆನ್ನಿನ ಉದ್ದಕ್ಕೂ ಕರೆಂಟ್ ಹೊಡೆದಂತಾಗುವುದು ಕೆಲವರಿಗೆ. ಒತ್ತಡ ಎದೆಯ ಭಾಗದ ಹುರಿಯಲ್ಲಿದ್ದರೆ ಹೊಟ್ಟೆಯ ಸುತ್ತ ಯಾರೋ ಹಗ್ಗ ಬಿಗಿದಂತೆ, ಅದರ ಕೆಳಗೆಲ್ಲ ಮರಗಟ್ಟಿದಂತೆ. ಮೂತ್ರಕ್ಕೆ ತಡೆಯಲಾಗದ ಅವಸರ, ಇಲ್ಲವೇ ಕುಳಿತರೂ ಬಾರದ ಮೂತ್ರ.

ಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುವುದರಿಂದ ಸೊಂಟದ ನಾಲ್ಕನೆಯ, ಐದನೆಯ ಮಣಿಗಳ ನಡುವಿನ ಡಿಸ್ಕ್ ಹುರಿಯನ್ನು ಒತ್ತಲಾರದು. ಅಲ್ಲಿ ಇರುವುದು ಕುದುರೆಯ ಬಾಲದಂತೆ ಜೋತ ನರಗಳ ಕಟ್ಟು. ಹಾಗೆಂದು ಅದು ಹಗುರದ ವಿಷಯವಲ್ಲ. ಆ ಕಟ್ಟು ಇಡಿಯಾಗಿ ಅಮುಕಿಹೋಗಿ ಗುದದ ಸುತ್ತ, ತೊಡೆಯ ಸಂದಿಯಲ್ಲಿ ಸ್ಪರ್ಶ ಸತ್ತು ಮೂತ್ರ ನಿಂತರೆ ಅದೇ ದಿನ ಆಸ್ಪತ್ರೆ ಸೇರಬೇಕು. ಆದರೆ ಕೈಯೂ ಕಾಲೂ ಎರಡೂ ಎಡವುತ್ತಿರುವವರಿಗೆ ಸೊಂಟದ ಚಿತ್ರ ಮಾತ್ರ ತೆಗೆಸಿ ಸುಮ್ಮನಾದರೆ ಚಿಕ್ಕಮ್ಮನ ಎಂಟು ತಿಂಗಳು ಅವರಿಗೂ ಆಗುತ್ತದೆ.

ಮನೆಯಲ್ಲೇ ನೋಡಬಹುದಾದದ್ದು ಎರಡಿದೆ. ಅಂಗೈ ಕೆಳಗೆ ಮಾಡಿ, ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಪೂರ್ತಿ ಬಿಡಿಸಲಾಗುತ್ತದೆ ಎಂದು ಎಣಿಸಿ. ಆರೋಗ್ಯವಂತರು ಇಪ್ಪತ್ತು ದಾಟುತ್ತಾರೆ. ಚಿಕ್ಕಮ್ಮನದು ಹನ್ನೊಂದು, ಅದರಲ್ಲೂ ಕಿರುಬೆರಳು ಪ್ರತಿ ಸಲವೂ ಹಿಂದೆ ಬೀಳುತ್ತಿತ್ತು. ಎರಡನೆಯದು, ನೆಲದ ಟೈಲ್ಸಿನ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯುವುದು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಇವು ರೋಗನಿರ್ಣಯವಲ್ಲ, ಯಾವ ವೈದ್ಯರಿಗೆ ಎಷ್ಟು ಬೇಗ ತೋರಿಸಬೇಕು ಎಂಬುದಕ್ಕೆ ಸೂಚನೆ. ವೈದ್ಯರ ಪರೀಕ್ಷೆಯಲ್ಲಿ ಸುತ್ತಿಗೆಯಿಂದ ಮೊಣಕಾಲು ತಟ್ಟುವುದು, ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೇಳುತ್ತದೋ ಎಂದು ನೋಡುವುದು ಇರಲೇಬೇಕು. ಅಂಗಾಲು ಗೀರುವ ಈ ಪರೀಕ್ಷೆಯನ್ನು ಫ್ರಾನ್ಸಿನ ನರವೈದ್ಯ ಬಾಬಿನ್ಸ್ಕಿ 1896ರಲ್ಲಿ ವಿವರಿಸಿದ. ಇಂದಿಗೂ ಅದಕ್ಕೆ ಬೇಕಾದದ್ದು ಒಂದು ಕೀಲಿಕೈ ಮಾತ್ರ. ಚಪ್ಪಲಿ ಬಿಚ್ಚಿಸದೆ ಕತ್ತಿನ ಸವೆತಕ್ಕೆ ಮಾತ್ರೆ ಬರೆದುಕೊಟ್ಟರೆ ನಾನಾದರೆ ಇನ್ನೊಬ್ಬರ ಬಳಿ ಹೋಗುತ್ತೇನೆ.

ಸಸ್ಯಾಹಾರಿಗಳ ಮನೆಗಳಿಗೆ ಒಂದು ಮಾತು. ಬಿ12 ವಿಟಮಿನ್ನಿನ ಕೊರತೆಯಿಂದಲೂ ಹುರಿ ಕೆಟ್ಟು ಇದೇ ರೀತಿ ಪಾದ ಮರಗಟ್ಟಿ, ನಡಿಗೆ ತಪ್ಪುತ್ತದೆ. ಅದಕ್ಕೆ ಬೇಕಾದದ್ದು ಚುಚ್ಚುಮದ್ದು, ಆಪರೇಷನ್ ಅಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಎಂಆರ್‌ಐಗೆ ಹೋಲಿಸಿದರೆ ಆ ರಕ್ತಪರೀಕ್ಷೆಯ ಖರ್ಚು ಏನೇನೂ ಅಲ್ಲ.

ಚಿತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಎಕ್ಸ್‌ರೇಯಲ್ಲಿ ಹುರಿ ಕಾಣುವುದಿಲ್ಲ, ಮೂಳೆ ಮಾತ್ರ. ಸಿಟಿಯಲ್ಲಿ ಮೂಳೆ ಇನ್ನೂ ಸ್ಪಷ್ಟ. ಹುರಿ ನೋಡಬೇಕಿದ್ದರೆ ಎಂಆರ್‌ಐಯೇ ಬೇಕು. ಕ್ಯಾನ್ಸರಿನ ಸಂಶಯವಿದ್ದರೆ ಒಂದು ಭಾಗದ್ದಲ್ಲ, ಇಡೀ ಬೆನ್ನಿನದ್ದು ಬೇಕು. ಒಂದಕ್ಕಿಂತ ಹೆಚ್ಚು ಕಡೆ ಒತ್ತಿರಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಗಂಟೆಗಳ ಲೆಕ್ಕ, ವಾರಗಳ ಲೆಕ್ಕ

ಬಿದ್ದ ಪೆಟ್ಟು, ನಿಂತ ಮೂತ್ರ, ನೋಡನೋಡುತ್ತ ಸೋಲುತ್ತಿರುವ ಕಾಲು: ಇವು ಗಂಟೆಗಳ ಲೆಕ್ಕದವು. ಹಿಂದೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಹೊಸದಾಗಿ ಬೆನ್ನುನೋವು ಬಂದು, ಮಲಗಿದರೆ ಅದು ಹೆಚ್ಚಾದರೆ ದಿನಗಳ ಲೆಕ್ಕ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಇಂಥ ನೋವಿಗೆ ಒಂದು ವಾರದೊಳಗೆ, ಕಾಲು ಸೋಲುವ ಲಕ್ಷಣ ಸೇರಿದರೆ 24 ಗಂಟೆಯೊಳಗೆ ಎಂಆರ್‌ಐ ಆಗಬೇಕು ಎನ್ನುತ್ತದೆ. ಬೆನ್ನುನೋವಿನೊಂದಿಗೆ ಜ್ವರ ಇದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಹುರಿಯ ಪಕ್ಕದಲ್ಲಿ ಕೀವು ತುಂಬಿರಬಹುದು. ಅದನ್ನೂ ನಾಳೆಗೆ ಇಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಒಮ್ಮೆಲೇ ಬೆನ್ನು ಸಿಡಿದಂತೆ ನೋವು ಬಂದು ಕಾಲು ಸೋತರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯುಂಟು.

ಕುತ್ತಿಗೆಯ ಸವೆತದಿಂದ ತಿಂಗಳುಗಟ್ಟಲೆ ನಿಧಾನವಾಗಿ ಬಂದದ್ದಕ್ಕೆ ಮಾತ್ರ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವಷ್ಟು ಪುರುಸೊತ್ತು ಇದೆ. ಆದರೆ ಅದು ವಾರಗಳ ಪುರುಸೊತ್ತು. ಮಗಳ ಮದುವೆ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ, ಊರ ಜಾತ್ರೆ ಕಳೆಯಲಿ ಎಂದು ವರ್ಷ ತಳ್ಳುವುದಕ್ಕಲ್ಲ.

ಸವೆದ ಕುತ್ತಿಗೆ: ಕಾದು ನೋಡುವುದೋ, ಆಪರೇಷನ್ನೋ

ನಲವತ್ತೈದು, ಐವತ್ತು ದಾಟಿದವರಲ್ಲಿ ಹುರಿ ಒತ್ತುವುದಕ್ಕೆ ಇದೇ ಅತಿ ಸಾಮಾನ್ಯ ಕಾರಣ. ಡಿಸ್ಕ್ ಒಣಗಿ ಉಬ್ಬುತ್ತದೆ, ಮಣಿಗಳ ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ, ಹಿಂದಿನ ಪಟ್ಟಿ ದಪ್ಪವಾಗುತ್ತದೆ. ಕೆಲವರಲ್ಲಿ ಮಣಿಗಳ ಹಿಂಬದಿಯ ಅಸ್ಥಿರಜ್ಜುವೇ ಮೂಳೆಯಾಗಿಬಿಡುತ್ತದೆ. ಜಪಾನ್ ಮತ್ತು ಪೂರ್ವ ಏಷ್ಯಾದಲ್ಲಿ ಇದು ಹೆಚ್ಚು.

ಇಲ್ಲಿ ಹೋಲಿಸಬೇಕಾದದ್ದು ವರದಿಗಳನ್ನಲ್ಲ, ಮನುಷ್ಯನನ್ನು. “ಹುರಿ ಒತ್ತಿದೆ” ಎಂದು ಎಂಆರ್‌ಐಯಲ್ಲಿ ಬರೆದಿದ್ದರೂ ಕೈಕಾಲಿನಲ್ಲಿ ಯಾವ ಲಕ್ಷಣವೂ ಇಲ್ಲದವರಿಗೆ ಮುಂಜಾಗ್ರತೆಗಾಗಿ ಆಪರೇಷನ್ ಬೇಡ, ಲಕ್ಷಣಗಳೇನು ಎಂದು ತಿಳಿಸಿ ಆಗಾಗ ಪರೀಕ್ಷಿಸಿ ಎನ್ನುತ್ತದೆ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಲಕ್ಷಣ ಇದ್ದವರನ್ನು ಅಳೆಯಲು ಜಪಾನಿನ ಮೂಳೆವೈದ್ಯರ ಸಂಘದ ಅಂಕಪಟ್ಟಿಯ ಮಾರ್ಪಡಿಸಿದ ರೂಪವೊಂದಿದೆ. ಗುಂಡಿ ಹಾಕುವುದು, ಮೆಟ್ಟಿಲು ಹತ್ತುವುದು, ಕೈಯ ಸ್ಪರ್ಶ, ಮೂತ್ರದ ಹಿಡಿತ ಎಲ್ಲ ಸೇರಿ ಒಟ್ಟು 18 ಅಂಕ. 15ರಿಂದ 17 ಬಂದರೆ ಸೌಮ್ಯ, 12ರಿಂದ 14 ಮಧ್ಯಮ, 11 ಮತ್ತು ಅದಕ್ಕಿಂತ ಕೆಳಗೆ ತೀವ್ರ. ಮಧ್ಯಮ ಮತ್ತು ತೀವ್ರಕ್ಕೆ ಆಪರೇಷನ್ ಎಂದು ಮಾರ್ಗಸೂಚಿ ನೇರವಾಗಿ ಹೇಳುತ್ತದೆ. ಸೌಮ್ಯದವರು ಆಪರೇಷನ್ ಮಾಡಿಸಬಹುದು, ಅಥವಾ ವೈದ್ಯರ ಕಣ್ಣಳತೆಯಲ್ಲಿ ವ್ಯಾಯಾಮ ಚಿಕಿತ್ಸೆಯೊಂದಿಗೆ ಕಾದು ನೋಡಬಹುದು. ಕಾಯುವ ಹೊತ್ತಿನಲ್ಲಿ ಇಳಿತ ಕಂಡರೆ ಅಲ್ಲಿಗೆ ಕಾಯುವುದು ಮುಗಿಯಿತು.

ಚಿಕ್ಕಮ್ಮನಿಗೆ ಬಂದದ್ದು 12. ವೈದ್ಯರು ಅಂಕ ಬರೆದ ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ಅದನ್ನು ನೋಡಿ, “ಹದಿನೆಂಟಕ್ಕೆ ಹನ್ನೆರಡಾದರೆ ಪಾಸಲ್ಲವಾ?” ಎಂದಳು.

ಆಪರೇಷನ್ ಬಗ್ಗೆ ಮನೆಯವರೆಲ್ಲ ತಿಳಿಯಬೇಕಾದ ಸಂಗತಿ, ಅದರ ಮೊದಲ ಉದ್ದೇಶ ಇಳಿತವನ್ನು ನಿಲ್ಲಿಸುವುದು. ಹಲವರಿಗೆ ಸುಧಾರಣೆಯೂ ಆಗುತ್ತದೆ, ಆದರೆ ಹೋದದ್ದೆಲ್ಲ ಮರಳುತ್ತದೆ ಎಂಬ ಖಾತರಿಯಿಲ್ಲ. ಲಕ್ಷಣ ಶುರುವಾಗಿ ಹೆಚ್ಚು ಕಾಲ ಕಳೆದಷ್ಟೂ ಮರಳುವುದು ಕಡಿಮೆ. ಇದನ್ನು ಮೊದಲೇ ತಿಳಿಯದವರು “ಆಪರೇಷನ್ ಆದರೂ ಬೆರಳು ಸರಿಯಾಗಲಿಲ್ಲ” ಎಂದು ವೈದ್ಯರನ್ನು ಬೈಯುತ್ತಾರೆ. ಬೈಯಬೇಕಾದದ್ದು ಕಳೆದುಹೋದ ತಿಂಗಳುಗಳನ್ನು.

ಆಪರೇಷನ್ನಿಗೆ ಬದಲಾಗಿ ಜನ ಹಿಡಿಯುವ ದಾರಿಗಳಲ್ಲಿ ಕಾಲರ್ ಮೊದಲನೆಯದು. ಅದು ನೋವಿಗೆ ಸ್ವಲ್ಪ ಆಸರೆ ಕೊಟ್ಟೀತು, ಹುರಿ ಇಳಿಯುವ ಇಕ್ಕಟ್ಟಾದ ನಾಳವನ್ನು ಅಗಲ ಮಾಡಲಾರದು. ಉಳಿಚ್ಚಿಲ್ (ಎಣ್ಣೆ ಹಚ್ಚಿ ಮೈ ತಿಕ್ಕುವುದು), ತಲೆಗೆ ಎಣ್ಣೆ, ಕಷಾಯ ಇವುಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ನಮ್ಮ ಸೀಮೆಯಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಬಿಗಿದ ಭುಜಕ್ಕೆ ಅವರ ಕೈಯಿಂದ ಹಿತವಾಗುತ್ತದೆ. ಆದರೆ ಹುರಿ ಒತ್ತಿದೆ ಎಂದು ಗೊತ್ತಾದ ಮೇಲೆ ಕುತ್ತಿಗೆಯನ್ನು ತಿರುಚಿ ಲಟಕ್ಕೆನಿಸಲು ಯಾರಿಗೂ ಬಿಡಬಾರದು. ಉಳುಕು ತೆಗೆಯುವವರಿಗೂ, ಕ್ಷೌರದಂಗಡಿಯಲ್ಲಿ ಪ್ರೀತಿಯಿಂದ ತಲೆ ತಿರುಗಿಸುವವರಿಗೂ ಇದು ಅನ್ವಯ. ತೂಕ ಕಟ್ಟಿ ಕುತ್ತಿಗೆ ಎಳೆಸುವುದೂ ಬೇಡ. ಹುಲ್ಲಿನ ಹೊರೆ, ಅಡಿಕೆಯ ಗೋಣಿ ತಲೆಯ ಮೇಲೆ ಹೊರುವುದು ಅಂದಿಗೇ ನಿಲ್ಲಬೇಕು.

ಮುಂದಿನಿಂದಲೋ, ಹಿಂದಿನಿಂದಲೋ

ಮುಂದಿನಿಂದ ಎಂದರೆ ಗಂಟಲಿನ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಅನ್ನನಾಳ, ಶ್ವಾಸನಾಳಗಳನ್ನು ಬದಿಗೆ ಸರಿಸಿ, ಡಿಸ್ಕನ್ನು ತೆಗೆದು ಆ ಜಾಗಕ್ಕೆ ಮೂಳೆಯ ತುಂಡು ಅಥವಾ ಪುಟ್ಟ ಪಂಜರವನ್ನು ಕೂರಿಸಿ ಮಣಿಗಳನ್ನು ಬೆಸೆಯುವುದು. ಒಂದೆರಡು ಮಟ್ಟದಲ್ಲಿ ಒತ್ತಿದ್ದರೆ, ಕುತ್ತಿಗೆ ಮುಂದಕ್ಕೆ ಬಾಗಿದ್ದರೆ ಇದು ಹೊಂದುತ್ತದೆ. ಕೆಲವು ವಾರ ನುಂಗಲು ಕಷ್ಟ, ದನಿ ಒಡೆಯುವುದು ಇದರ ಸಾಮಾನ್ಯ ತೊಂದರೆಗಳು. ದನಿ ಹೆಚ್ಚಿನವರಿಗೆ ಮರಳುತ್ತದೆ, ಆದರೂ ಭಾಗವತಿಕೆ ಮಾಡುವವರು, ಪುರೋಹಿತರು, ಮೇಷ್ಟ್ರುಗಳು ತಮ್ಮ ಕಸುಬನ್ನು ಶಸ್ತ್ರವೈದ್ಯರಿಗೆ ಮೊದಲೇ ಹೇಳಿಕೊಳ್ಳಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಬೆಸುಗೆ ಸರಿಯಾಗಿ ಕೂಡದಿರುವ ಸಾಧ್ಯತೆ ಹೆಚ್ಚು. (ಚಿಕ್ಕಮ್ಮ ಲಕ್ಷಗಟ್ಟಲೆ ಬೀಡಿ ಕಟ್ಟಿದ್ದಾಳೆ, ಒಂದನ್ನೂ ಸೇದಿದವಳಲ್ಲ.)

ಹಿಂದಿನಿಂದ ಎಂದರೆ ಮಣಿಗಳ ಹಿಂಬದಿಯ ಚಾವಣಿಯನ್ನು ತೆಗೆದುಬಿಡುವುದು, ಇಲ್ಲವೇ ಬಾಗಿಲಿನಂತೆ ಒಂದು ಬದಿಗೆ ತೆರೆದು ನಿಲ್ಲಿಸುವುದು. ಬಾಗಿಲಿನ ವಿಧಾನ 1970ರ ದಶಕದಲ್ಲಿ ಜಪಾನಿನಲ್ಲಿ ಬೆಳೆದದ್ದು. ಮೂರು, ನಾಲ್ಕು ಮಟ್ಟದಲ್ಲಿ ಒತ್ತಿದ್ದರೆ ಸಾಮಾನ್ಯವಾಗಿ ಇದೇ. ಆದರೆ ಕುತ್ತಿಗೆಯ ಸಹಜ ಬಾಗು ಉಳಿದಿದ್ದರೆ ಮಾತ್ರ ಹುರಿ ಹಿಂದಕ್ಕೆ ಸರಿದು ನಿರಾಳವಾಗುತ್ತದೆ. ಸ್ನಾಯು ಕೊಯ್ಯುವುದರಿಂದ ಕುತ್ತಿಗೆನೋವು ಹೆಚ್ಚು ದಿನ ಉಳಿಯುತ್ತದೆ. ಕೆಲವರಿಗೆ ಭುಜ ಎತ್ತಲಾಗದ ಸೋಲು ಬಂದು ತಿಂಗಳುಗಳಲ್ಲಿ ನಿಧಾನಕ್ಕೆ ಸರಿಯಾಗುತ್ತದೆ.

ಎರಡರಲ್ಲಿ ಯಾವುದು ಮೇಲು ಎಂದು 163 ರೋಗಿಗಳಲ್ಲಿ ಹೋಲಿಸಿ ನೋಡಿದ ಉತ್ತರ ಅಮೆರಿಕದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ದೇಹದ ಚಟುವಟಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದಿನಿಂದ ಮಾಡಿದವರಲ್ಲಿ ತೊಡಕುಗಳು ಹೆಚ್ಚಿದ್ದವು, ಬಹುಪಾಲು ನುಂಗುವ ತೊಂದರೆ. ಹಾಗಾಗಿ “ಮುಂದಿನಿಂದ ಮಾಡುತ್ತೀರೋ ಹಿಂದಿನಿಂದಲೋ” ಎಂದು ಜಗಳ ತೆಗೆಯುವ ಬದಲು “ನನ್ನ ಕುತ್ತಿಗೆಗೆ ಇದೇ ಏಕೆ” ಎಂದು ಕೇಳಿ. ಚಿತ್ರವನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ವಿವರಿಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ. ಲೇಸರಿನಲ್ಲಿ ಒಂದೇ ದಿನದಲ್ಲಿ ಮನೆಗೆ ಎಂಬ ಫಲಕಗಳ ಕೆಳಗೆ ನಾನು ಬಹಳ ಹೊತ್ತು ನಿಲ್ಲುವುದಿಲ್ಲ.

ಕ್ಷಯ, ಕ್ಯಾನ್ಸರ್, ಅಡಿಕೆ ಮರ

ಕ್ಷಯ ಎಂದರೆ ಎದೆಯ ಕಾಯಿಲೆ ಎಂದೇ ತಿಳಿದವರು ಬಹಳ. ಮೂಳೆ, ಕೀಲುಗಳ ಕ್ಷಯದಲ್ಲಿ ಸುಮಾರು ಅರ್ಧ ಬೆನ್ನುಮೂಳೆಯದ್ದೇ. ಇಲ್ಲಿ ಮಾತ್ರ ಹೋಲಿಕೆ ತಿರುಗಿಬೀಳುತ್ತದೆ: ಕಾಲು ಸೋತಿದ್ದರೂ ಎಷ್ಟೋ ಮಂದಿ ಕೊಯ್ಯದೆ ಮಾತ್ರೆಯಿಂದಲೇ ಎದ್ದು ನಡೆಯುತ್ತಾರೆ. ವಾರಾಣಸಿಯಲ್ಲಿದ್ದ ಡಾ. ಎಸ್. ಎಂ. ತುಳಿ 1975ರಲ್ಲಿ ಮುಂದಿಟ್ಟ ‘ನಡುದಾರಿ’ ಇಂದಿಗೂ ಆಧಾರ. ಎಲ್ಲರಿಗೂ ಔಷಧಿ ಮತ್ತು ವಿಶ್ರಾಂತಿಯಿಂದ ಶುರು. ಮೂರು, ನಾಲ್ಕು ವಾರದಲ್ಲಿ ಕಾಲಿಗೆ ಬಲ ಬಾರದಿದ್ದರೆ, ಅಥವಾ ಔಷಧಿ ನಡೆಯುವಾಗಲೇ ಕೆಡುತ್ತ ಹೋದರೆ ಆಪರೇಷನ್. ಮೂಳೆ ಕುಸಿದು ಅಲುಗಾಡುತ್ತಿದ್ದರೂ ಆಪರೇಷನ್ನೇ. ಔಷಧಿ ಸಾಮಾನ್ಯವಾಗಿ 12 ತಿಂಗಳು, ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಮಂಗಳೂರಿನಲ್ಲಿ ಔಷಧಿ ಶುರುವಾದರೂ ಸರ್ಕಾರದ ಕ್ಷಯರೋಗಿಗಳ ಆನ್‌ಲೈನ್ ದಾಖಲೆಯಾದ ನಿಕ್ಷಯ್ ದೇಶಕ್ಕೆಲ್ಲ ಒಂದೇ. ಅದನ್ನು ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಂಡರೆ ಮಾತ್ರೆಗಾಗಿ ಗಡಿ ದಾಟಬೇಕಿಲ್ಲ. ಆದರೆ ಎಂಆರ್‌ಐ ನೋಡಿಯಷ್ಟೇ ಕ್ಷಯ ಎಂದು ತೀರ್ಮಾನಿಸಿದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಲಾಗದೇ ಎಂದು ಕೇಳಿ. ಕ್ಯಾನ್ಸರೂ ಕೆಲವೊಮ್ಮೆ ಅದೇ ವೇಷದಲ್ಲಿ ಬರುತ್ತದೆ.

ಕ್ಯಾನ್ಸರ್ ಹರಡಿ ಹುರಿ ಒತ್ತುವುದು ಹೆಚ್ಚಾಗಿ ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ್ದು. ಸಂಶಯ ಬಂದ ಕೂಡಲೇ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂ, ಶುರುಮಾಡುತ್ತಾರೆ. ಅದು ಊತ ಇಳಿಸಿ ಸಮಯ ಗಳಿಸಿಕೊಡುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ಆಮೇಲೆ ನಮ್ಮವರು ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣವೋ, ಆಪರೇಷನ್ ಮಾಡಿ ನಂತರ ವಿಕಿರಣವೋ ಎಂಬ ಆಯ್ಕೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಎರಡನ್ನೂ ಪಡೆದವರಲ್ಲಿ ಶೇ 84 ಮಂದಿ ಚಿಕಿತ್ಸೆಯ ಬಳಿಕ ನಡೆದಾಡಿದರು, ವಿಕಿರಣ ಮಾತ್ರ ಪಡೆದವರಲ್ಲಿ ಶೇ 57. ಈ ಅಂಕಿ ಹಿಡಿದು ಎಲ್ಲರಿಗೂ ಕೊಯ್ಯಿಸಿ ಎನ್ನಲಾಗದು. ಅಲ್ಲಿ ಆರಿಸಿಕೊಂಡದ್ದು ಒಂದೇ ಜಾಗದಲ್ಲಿ ಒತ್ತಿದ್ದವರನ್ನು, ಕಾಲು ಪೂರ್ತಿ ಸೋತು ಎರಡು ದಿನ ದಾಟದವರನ್ನು, ಕನಿಷ್ಠ ಮೂರು ತಿಂಗಳ ಆಯುಸ್ಸಿನ ನಿರೀಕ್ಷೆ ಇದ್ದವರನ್ನು. ಲಿಂಫೋಮಾ, ಮೈಲೋಮಾದಂಥ ರಕ್ತಕಣಗಳ ಕ್ಯಾನ್ಸರುಗಳು ವಿಕಿರಣಕ್ಕೇ ಬೇಗ ಕರಗುತ್ತವೆ. ಆಯುಸ್ಸು ಕಡಿಮೆ ಎಂದು ಕಂಡವರಿಗೆ ಐದು ದಿನ ಓಡಾಡಿಸುವ ಬದಲು ಒಂದೇ ದಿನದ ವಿಕಿರಣ ಸಾಕೇ ಎಂದೂ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪರೀಕ್ಷಿಸಿದ್ದಾರೆ. 2019ರ ಆ ಫಲಿತಾಂಶದಲ್ಲಿ ಎಂಟು ವಾರಗಳ ಬಳಿಕ ನಡೆದಾಡುತ್ತಿದ್ದವರು ಒಂದು ದಿನದ ಗುಂಪಿನಲ್ಲಿ ಶೇ 69, ಐದು ದಿನದ ಗುಂಪಿನಲ್ಲಿ ಶೇ 73. ಸಮ ಎಂದು ಕಟ್ಟುನಿಟ್ಟಾಗಿ ಸಾಬೀತಾಗಲಿಲ್ಲ, ಆದರೆ ಹಾಸಿಗೆಯಿಂದ ಏಳಲಾರದವರನ್ನು ಜೀಪಿನಲ್ಲಿ ಐದು ದಿನ ಕುಲುಕಿಸಿದ ಮನೆಯವರಿಗೆ ಆ ನಾಲ್ಕು ಅಂಕದ ಬೆಲೆ ಎಷ್ಟೆಂದು ತಿಳಿಯುತ್ತದೆ. ಎಲ್ಲ ಅಧ್ಯಯನಗಳಲ್ಲೂ ಎದ್ದು ಕಾಣುವುದು ಒಂದೇ: ನಡೆಯುತ್ತ ಬಂದವರು ನಡೆಯುತ್ತ ಹೋಗುವ ಸಾಧ್ಯತೆ ಹೆಚ್ಚು.

ಅಡಿಕೆ ಮರದಿಂದ ಬಿದ್ದವರಿಗೆ ಮೊದಲ ಚಿಕಿತ್ಸೆ ತೋಟದಲ್ಲೇ. ಮದ್ದು ಬಿಡುವ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರ, ಜಾರುವ ಕಾಲು. ಕೂಗು ಕೇಳಿ ಓಡಿದವರು ಮಾಡುವ ಮೊದಲ ತಪ್ಪು, ಕೈಗೊಬ್ಬರು ಕಾಲಿಗೊಬ್ಬರು ಹಿಡಿದು ಎತ್ತುವುದು. ನೀರು ಕುಡಿಸಲು ಕೂರಿಸುವುದು ಎರಡನೆಯದು. ಬಿದ್ದಲ್ಲೇ ಬಿಡಿ, ತಲೆಯ ಎರಡೂ ಬದಿಗೆ ಬೈರಾಸು (ಟವೆಲು) ಸುತ್ತಿ ಇಟ್ಟು ಅಲುಗದಂತೆ ಹಿಡಿಯಿರಿ, 108ಕ್ಕೆ ಕರೆ ಮಾಡಿ. ಎತ್ತಲೇಬೇಕಾದರೆ ತಲೆ, ಭುಜ, ಸೊಂಟ, ಕಾಲು ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಅಗಲದ ಹಲಗೆಯ ಮೇಲೆ ತೆಗೆದುಕೊಳ್ಳಿ. 24 ಗಂಟೆಯೊಳಗೆ ಒತ್ತಡ ತೆಗೆದರೆ ಚೇತರಿಕೆ ಹೆಚ್ಚು ಎಂದು 2012ರ ಅಧ್ಯಯನವೊಂದು ತೋರಿಸಿದೆ. ದಾರಿಯಲ್ಲಿ ಸಿಗುವ ಎರಡು, ಮೂರು ಸಣ್ಣ ಆಸ್ಪತ್ರೆಗಳಲ್ಲಿ ಇಳಿಸಿ ಹತ್ತಿಸುವುದರಲ್ಲೇ ಆ ಗಂಟೆಗಳು ಹೋಗುತ್ತವೆ. ರಾತ್ರಿಯೂ ಸ್ಕ್ಯಾನ್ ಮತ್ತು ಬೆನ್ನುಮೂಳೆಯ ಶಸ್ತ್ರವೈದ್ಯರು ಇರುವ ಜಾಗ ಯಾವುದೆಂದು ಫೋನಿನಲ್ಲಿ ಕೇಳಿಕೊಂಡೇ ಹೊರಡುವುದು ಲೇಸು.

ತೆಂಕಣಕ್ಕೋ, ಬಡಗಣಕ್ಕೋ

ನಮ್ಮ ಜಿಲ್ಲೆಯವರಿಗೆ ಈ ಪ್ರಶ್ನೆ ಪ್ರತಿ ಕಾಯಿಲೆಗೂ ಇದ್ದದ್ದೇ. ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ದೇರಳಕಟ್ಟೆ, ಮಂಗಳೂರಿನ ವೈದ್ಯಕೀಯ ಕಾಲೇಜುಗಳು. ಮಂಜೇಶ್ವರ, ಉಪ್ಪಳದವರಿಗೆ ಅದೇ ಹತ್ತಿರ, ಕನ್ನಡ, ತುಳು ನಡೆಯುತ್ತದೆ. ದಕ್ಷಿಣಕ್ಕೆ ಪರಿಯಾರಂನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಕ್ಯಾನ್ಸರಿಗೆ ತಲಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಅದರಾಚೆ ಕೋಝಿಕ್ಕೋಡ್. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜು ಮನೆಬಾಗಿಲಲ್ಲೇ ಇದೆ. ಯಾವ ವಿಭಾಗ ಯಾವ ದಿನ ಇರುತ್ತದೆ ಎಂದು ವಿಚಾರಿಸಿ ಹೋಗಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ಇಲ್ಲಿನ ಯಾರೂ ಮರೆತಿಲ್ಲ. ಅದಕ್ಕೇ ನನ್ನ ಅಭ್ಯಾಸ, ಎಂಆರ್‌ಐಯ ಸಿಡಿಯನ್ನೂ ವರದಿಯನ್ನೂ ಎರಡು ಪ್ರತಿ ಮಾಡಿಸುವುದು.

ದೂರಕ್ಕಿಂತ ಮುಖ್ಯವಾದದ್ದು ಆಪರೇಷನ್ನಿನ ನಂತರದ ತಿಂಗಳುಗಳು. ಕೊಯ್ಯುವುದು ಒಂದು ದಿನ, ಫಿಸಿಯೋಥೆರಪಿ ತಿಂಗಳುಗಟ್ಟಲೆ. ಅದನ್ನು ಮನೆಯ ಹತ್ತಿರವೇ ಗೊತ್ತುಮಾಡಿಕೊಳ್ಳಿ. ಕೇರಳದ ಕಾರುಣ್ಯ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಇದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೋ ಎಂಬುದನ್ನು ದಾಖಲಾಗುವ ಮೊದಲೇ ಅಲ್ಲಿನ ವಿಮೆಯ ಕೌಂಟರಿನಲ್ಲಿ, ರೋಗದ ಹೆಸರು ಹೇಳಿ ಕೇಳಬೇಕು. ಬಿಡುಗಡೆಯ ದಿನ ಕೇಳಿದರೆ ತಡವಾಗಿರುತ್ತದೆ. ಹಾಸಿಗೆ ಹಿಡಿದವರಿದ್ದರೆ ಗಡಿಯ ಈಚೆಗೆ ಒಂದು ದೊಡ್ಡ ಅನುಕೂಲವಿದೆ. 2008ರಲ್ಲಿ ನೋವುಶಮನ ಮತ್ತು ಸಾಂತ್ವನ ಆರೈಕೆಗೆ ನೀತಿ ರೂಪಿಸಿದ ಮೊದಲ ರಾಜ್ಯ ಕೇರಳ. ಪಂಚಾಯತಿನ ದಾದಿ ಮನೆಗೇ ಬಂದು ಮೂತ್ರದ ಕೊಳವೆ ಬದಲಿಸಿ, ಬೆನ್ನಹುಣ್ಣು ನೋಡಿ ಹೋಗುತ್ತಾರೆ. ನಾಚಿಕೊಳ್ಳದೆ ಹೆಸರು ಬರೆಸಿ.

ಭಾಷೆಯದ್ದೂ ಒಂದು ತೊಡಕು. ನಾವು ಜೋಮು ಎಂದದ್ದು ಮಲಯಾಳದಲ್ಲಿ ತರಿಪ್ಪ್, ಮರಗಟ್ಟುವುದು ಮರವಿಪ್ಪ್. ಆದರೆ ಕಾಲು ಸೋತಿದೆ ಎನ್ನಲು ತಳರ್ಚ ಎಂದರೆ ಕೇಳುವವರಿಗೆ ಬರೀ ಆಯಾಸ ಎಂದೂ ಅರ್ಥವಾದೀತು, ಟಾನಿಕ್ ಬರೆದುಕೊಟ್ಟಾರು. ಯಾವ ಭಾಷೆಯಲ್ಲೇ ಆಗಲಿ, ಪದದ ಬದಲು ಕೆಲಸ ಹೇಳಿ: ಗಂಟು ಹಾಕಲಾಗುವುದಿಲ್ಲ, ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ, ಕತ್ತಲಲ್ಲಿ ಬೀಳುತ್ತೇನೆ, ಇಂಥ ತಿಂಗಳಿನಿಂದ. ಚೀಟಿಯಲ್ಲಿ ಬರೆದು ಒಯ್ದರೆ ಇನ್ನೂ ಒಳ್ಳೆಯದು.

ಚಿಕ್ಕಮ್ಮನಿಗೆ ಹಿಂದಿನಿಂದ ಮಾಡಿದರು, ನಾಲ್ಕು ಮಟ್ಟದಲ್ಲಿ. ಎರಡು ತಿಂಗಳು ಬಲಭುಜ ಏಳಲಿಲ್ಲ, ತಲೆ ಬಾಚಲು ಸೊಸೆ ಬೇಕಾಯಿತು. ಆಮೇಲೆ ಬಂತು. ಈಗ ಕೋಲಿಲ್ಲದೆ ಅಂಗಳಕ್ಕೆ ಇಳಿಯುತ್ತಾಳೆ, ಚಪ್ಪಲಿ ಎರಡೂ ಕಾಲಲ್ಲೇ ಇರುತ್ತದೆ, ಹತ್ತು ಸೆಕೆಂಡಿನ ಮುಷ್ಟಿ ಹದಿನೇಳಕ್ಕೆ ಬಂದಿದೆ. ಬೆರಳಿನ ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಮೊಮ್ಮಗನಿಗೆ ಆಡಲು ಕೊಟ್ಟು, ಅಟ್ಟದಿಂದ ತಡ್ಪೆ ಇಳಿಸಿಕೊಂಡಿದ್ದಾಳೆ. ಹೋದ ವಾರ ಹೋದಾಗ ಮಡಿಲಲ್ಲಿ ನಲವತ್ತು ಬೀಡಿಗಳಿದ್ದವು. ಹೆಚ್ಚಿನವು ಸೊಟ್ಟ. ಬ್ರಾಂಚಿನವರು ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೂ ಗೊತ್ತು. ನನ್ನ ಕೈಗೆ ಒಂದನ್ನು ಕೊಟ್ಟು, “ಗಂಟು ಎಳೆದು ನೋಡು” ಎಂದಳು. ಎಳೆದೆ. ಬಿಚ್ಚಲಿಲ್ಲ.